ನೀಲಗಂಗವ್ವ ಕಾದ ಕೋಳಿಮರಿಗಳು

ಕುರ್ತಕೋಟಿಯ ಆ ಓಣಿಯಲ್ಲಿ ನೀಲಗಂಗವ್ವನ ಕೈಯಿಂದ ನೀರು ಎರೆಸಿಕೊಳ್ಳದೆ ಬೆಳೆದ ಮಕ್ಕಳು ಕಡಿಮೆ. ಮೀಸೆ ಬಂದು ಟ್ರ್ಯಾಕ್ಟರ್ ಓಡಿಸುವ ಗಂಡಸರು ಸಹ ಆಕೆ ಎದುರಿಗೆ ಸಿಕ್ಕರೆ ಒಂದಿಷ್ಟು ನಾಚಿಕೊಳ್ಳುತ್ತಾರೆ. ಹೆರಿಗೆ ಮಾಡಿಸುವವಳಲ್ಲ ಆಕೆ. ಅದು ಗದಗಿನ ದವಾಖಾನೆಯ ಕೆಲಸ. ಕೂಸು ಮನೆಗೆ ಬಂದ ಮೇಲೆ ಈಕೆಯ ಪಾಳಿ. ಕಾಲು ಚಾಚಿ ಕುಳಿತು ಕೂಸನ್ನು ಅದರ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಕೊಟ್ಟಳೆಂದರೆ ಅದು ಮಧ್ಯಾಹ್ನದವರೆಗೆ ಕಣ್ಣು ಬಿಡುವುದಿಲ್ಲ. ಹೊಲಮನೆ ಇದ್ದ ಹೆಣ್ಣುಮಗಳು, ಕೂಲಿಯ ಮಾತೇ ಇಲ್ಲ. "ನೀಲಗಂಗವ್ವನ ಕೈಗುಣ ಚಲೋ ಐತಿ" ಎಂದು ಯಾರಾದರೂ ಅಂದರೆ ಸಾಕು, ಆ ದಿನವೆಲ್ಲ ಆಕೆ ಉಬ್ಬಿಕೊಂಡೇ ತಿರುಗುತ್ತಾಳೆ.

ಹೋದ ಡಿಸೆಂಬರಿನಲ್ಲಿ ಆ ಕೈಗೆ ಕೋಳಿಮರಿಗಳು ಬಂದು ಬಿದ್ದವು.

ಬೇರೆಯವರ ಮನೆಯಲ್ಲಾಗಿದ್ದರೆ ಇದೇನೂ ದೊಡ್ಡ ಸುದ್ದಿಯಲ್ಲ. ಆದರೆ ನೀಲಗಂಗವ್ವನ ಗಂಡ ನಿಜಲಿಂಗಪ್ಪ ತತ್ತಿ ಎಂಬ ಮಾತು ಕಿವಿಗೆ ಬಿದ್ದರೂ ಮುಖ ಗಂಟಿಕ್ಕುವ ಮನುಷ್ಯ. ಓಣಿಯ ಕೋಳಿ ದಾರಿ ತಪ್ಪಿ ಕಟ್ಟೆ ಏರಿದರೆ ಓಡಿಸಲಿಕ್ಕೆಂದೇ ಬಾಗಿಲ ಹಿಂದೆ ಒಂದು ಬಾರಕೋಲು ಇಟ್ಟಿದ್ದಾನೆ. ಅಂಥ ಮನೆಗೆ ಹಿತ್ತಲಿನ ಗೋಡೆಯಾಚೆಯಿಂದ ಕೋಳಿ ಸಾಕುವ ರೋಶನಬಿ ಒಂದು ಮುಂಜಾನೆ ಪೆಟ್ಟಿಗೆ ಹೊತ್ತುಕೊಂಡು ಬಂದಳು. ಪೆಟ್ಟಿಗೆ ಚಿಂವ್ ಚಿಂವ್ ಅನ್ನುತ್ತಿತ್ತು.

"ನೀಲಕ್ಕಾ, ಮಗಳಿಗೆ ಬ್ಯಾನಿ ಸುರು ಆಗ್ಯಾವಂತ. ಇನ್ನೂ ಎರಡು ವಾರ ಇತ್ತು. ಲಕ್ಷ್ಮೇಶ್ವರದಿಂದ ಗದಗಿಗೆ ಕರಕೊಂಡು ಹೊಂಟಾರ, ನಾ ಈಗಿಂದೀಗ ಹೋಗಬೇಕು. ಮರಿ ನಿನ್ನೆ ಫಾರ್ಮಿಂದ ಬಂದಾವು. ಮನಿಗೆ ಕೀಲಿ ಹಾಕಿದ್ರ ಬೆಕ್ಕಿನ ಪಾಲು. ಯಾರ ಕೈಯಾಗ ಬಿಡ್ಲಿ ಹೇಳು?"

"ಅಯ್ಯ, ನಮ್ಮನ್ಯಾಗ ಕೋಳಿನಾ? ನಮ್ಮವ್ರು ಮೊದ್ಲ ನನ್ನ ಹೊರಗ ಹಾಕ್ತಾರ."

"ಕೂಸು ಸಾಕಿದ ಕೈ ನಿಂದು. ಇವೂ ಕೂಸನ."

ಕೈಯ ಮಾತು ಬಂದ ಮೇಲೆ ನೀಲಗಂಗವ್ವ ಸೋತಳು. ನಿಜಲಿಂಗಪ್ಪ ಪೂಜೆ ಮುಗಿಸಿ ಬಂದು ಎಲ್ಲ ಕೇಳಿಸಿಕೊಂಡ. ಹೆರಿಗೆಯ ಸಂಗತಿ, ಇಲ್ಲ ಅನ್ನಲು ಆತನಿಗೂ ಬಾಯಿ ಬರಲಿಲ್ಲ. "ಹಿತ್ತಲದಾಗ ಇಟ್ಗೋ," ಎಂದ. "ಹೊಸ್ತಿಲದಿಂದ ಒಳಗ ಒಂದ ಪುಕ್ಕ ಬಂದ್ರೂ ನಾ ಉಣ್ಣಂಗಿಲ್ಲ ನೋಡು." ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬೇಕೇ ಬೇಕು ಅನ್ನುವ ಮನುಷ್ಯ ಆಡಿದ ಈ ಮಾತನ್ನು ಹಗುರಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಹೊರಡುವ ಗಡಿಬಿಡಿಯಲ್ಲೇ ರೋಶನಬಿ ಹಿತ್ತಲಲ್ಲಿ ಮರಿಗಳಿಗೆ ಮನೆ ಕಟ್ಟಿಕೊಟ್ಟಳು. ತಗಡನ್ನು ದುಂಡಗೆ ಬಾಗಿಸಿ ನಿಲ್ಲಿಸಿದಳು. ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ತಳಕ್ಕೆ ಶೇಂಗಾ ಹೊಟ್ಟು, ಅದರ ಮೇಲೆ ಹಳೆಯ ಪೇಪರು. ಬೆಕ್ಕು, ಕಾಗೆ ಬಾರದಂತೆ ಜಾಳಿಗೆ, ಅರ್ಧಕ್ಕೆ ತಗಡಿನ ಮುಚ್ಚಳ. ಬಚ್ಚಲ ಕಿಟಕಿಯಿಂದ ವೈರು ಎಳೆದು, ಅಡ್ಡ ಕಟ್ಟಿಗೆಗೆ ಸರಪಳಿ ಹಾಕಿ ಬಲ್ಬು ತೂಗುಬಿಟ್ಟಳು.

"ಬಲ್ಬಿನ ಬುಡಕ ಗುಂಪಾಗಿ ಚೀರಿದ್ರ ಥಂಡಿ. ದೂರ ಸರದು ಬಾಯಿ ತಗದ್ರ ಸೆಕಿ. ಹರವಿಕೊಂಡು ಮಲಗಿದ್ರ ಬರೋಬರಿ. ಬಲ್ಬ್ ಏರಸು, ಇಲ್ಲಾ ಇಳಸು, ಅಷ್ಟ."

ಇಷ್ಟು ಹೇಳಿ ಆಕೆ ಬಸ್ಸು ಹತ್ತಿದಳು. ಮನೆಯ ಕೀಲಿಕೈ ಸೊಂಟದಲ್ಲೇ ಗದಗಿಗೆ ಹೋಯಿತು.

ಮೊದಲೆರಡು ದಿನ ನೀಲಗಂಗವ್ವನಿಗೆ ಹಬ್ಬ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ನೋಡಿ ಬರುವಳು. ಮರಿಗಳು ಹರವಿಕೊಂಡು ಮಲಗಿರುತ್ತಿದ್ದವು. ಆಕೆ ಬಗ್ಗಿದರೆ ಒಂದೆರಡು ಕತ್ತೆತ್ತಿ ನೋಡುತ್ತಿದ್ದವು. ಇದೇನು ಮಹಾ ವಿದ್ಯೆ, ಕೂಸುಗಳಷ್ಟೂ ಹಟ ಇಲ್ಲವಲ್ಲ ಎಂದು ಆಕೆಗೆ ಅನಿಸಿತು. ಅನಿಸಬಾರದಿತ್ತು.

ಸಮುದ್ರದ ಕಡೆ ಚಂಡಮಾರುತ ಎದ್ದಿದೆ ಎಂದು ಟಿವಿಯವರು ಹೇಳಿದ ಮರುದಿನ ಮುಗಿಲು ಮುಚ್ಚಿತು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಿಟ್ಟಿತು, ಜಿಟಿಜಿಟಿ ಮಳೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ಲೈನ್‌ಮನ್‌ಗೆ ಫೋನು ಹಚ್ಚಿದರೆ ಆತ ಎತ್ತಲಿಲ್ಲ. ಇಡೀ ಊರೇ ಆತನಿಗೆ ಫೋನು ಹಚ್ಚಿರಬೇಕು. ಆರಿದ ಬಲ್ಬಿನ ಕೆಳಗೆ ಮರಿಗಳು ಒತ್ತೊತ್ತಾಗಿ ನಿಂತು ಚೀರತೊಡಗಿದವು.

ನೀಲಗಂಗವ್ವ ಗಾಬರಿಯಾಗಲಿಲ್ಲ. ಥಂಡಿ ಹಿಡಿದ ಕೂಸಿಗೆ ಏನು ಮಾಡಬೇಕೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಗ್ಗಿಷ್ಟಿಗೆಯಲ್ಲಿ ಕೆಂಡ ತಂದು ನಡುವೆ ಇಟ್ಟಳು. ಮರಿ ಸುಟ್ಟುಕೊಳ್ಳಬಾರದೆಂದು ಅದರ ಸುತ್ತ ಇಟ್ಟಿಗೆ ನಿಲ್ಲಿಸಿದಳು. ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿದಳು. ಹೊಗೆ ಎದ್ದಿತು. ಅದು ಗಾಳಿಗೆ ಹಾರಿಹೋಗದಂತೆ ಮೇಲೆ ದಪ್ಪ ಕೌದಿ ಹೊದಿಸಿ, ಅಂಚುಗಳನ್ನು ಒತ್ತಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಚೀರಾಟ ನಿಂತಿತು. ಹೊಗೆ ಹಿಡಿದ ಕೂಸು ಸುಮ್ಮನಾಗುವುದನ್ನು ಎಷ್ಟು ಸಲ ನೋಡಿಲ್ಲ ಆಕೆ! ಮಲಗಿದವು ಎಂದುಕೊಂಡು ಸಮಾಧಾನದಿಂದ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು.

ಆಗ ರೋಶನಬಿಯ ಫೋನು ಬಂತು.

"ಗಂಡು ಕೂಸು ನೀಲಕ್ಕಾ! ತಾಯಿ ಮಗ ಇಬ್ರೂ ಆರಾಮ ಅದಾರ. ಅಲ್ಲೆ ಮಳಿ ಐತೇನು? ಮರಿ ಹೆಂಗದಾವ?"

"ಕರೆಂಟ್ ಹೋಗೇತಿ. ಆದ್ರ ನೀ ಚಿಂತಿ ಮಾಡಬ್ಯಾಡ. ಕೆಂಡ ಇಟ್ಟು, ಲೋಬಾನ ಹಾಕಿ, ಬೆಚ್ಚಗ ಮುಚ್ಚೇನಿ. ಮಲಗ್ಯಾವು."

ರೋಶನಬಿ ಚೀರಿದಳು. "ಕೌದಿ ತಗಿ ಮೊದ್ಲ! ಕೆಂಡ ಹೊರಗ ತಗಿ! ಹೊಗಿ ಅಂದ್ರ ಅವಕ್ಕ ವಿಷ ನೀಲಕ್ಕಾ, ಓಡು!"

ನೀಲಗಂಗವ್ವ ಫೋನು ಹಿಡಿದುಕೊಂಡೇ ಓಡಿದಳು. ಕೌದಿ ಎತ್ತಿದರೆ ಹೊಗೆ ಮುಖಕ್ಕೆ ರಾಚಿತು. ಮರಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತ ತಗಡಿಗೆ ಆತು ಬಿದ್ದಿದ್ದವು. ಗಾಳಿ ಬಡಿದ ಮೇಲೆ ಹೆಚ್ಚಿನವು ಮೆಲ್ಲಗೆ ಕತ್ತೆತ್ತಿದವು. ಐದಾರು ಏಳಲೇ ಇಲ್ಲ. ಅವುಗಳನ್ನು ಅಂಗೈಯಲ್ಲಿ ಹಿಡಿದರೆ ಇನ್ನೂ ಬೆಚ್ಚಗಿದ್ದವು.

"ಹೆಂಗದಾವ?" ಎಂದು ಫೋನು ಕೇಳುತ್ತಿತ್ತು.

ಮೊಮ್ಮಗ ಹುಟ್ಟಿದ ಖುಷಿಯಲ್ಲಿದ್ದವಳಿಗೆ ಸಾವಿನ ಸುದ್ದಿ ಹೇಗೆ ಹೇಳುವುದು? "ಎದ್ದಾವು," ಎಂದಷ್ಟೇ ಹೇಳಿ ಆಕೆ ಫೋನು ಇಟ್ಟಳು. ಇಷ್ಟು ವರ್ಷ ಎಲ್ಲರೂ ಹೊಗಳಿದ ಕೈ ಇದೇನಾ ಎಂದು ತನ್ನ ಅಂಗೈಯನ್ನು ತಾನೇ ನೋಡಿಕೊಂಡಳು. ರೋಶನಬಿಯ ಮೊಮ್ಮಗನಿಗೆ ನೀರು ಎರೆಯುವವಳು ತಾನೇ ಎಂದು ಆರು ತಿಂಗಳ ಮೊದಲೇ ಮಾತಾಗಿತ್ತು. ಉಳಿದವೂ ಸತ್ತರೆ ಯಾವ ಮುಖ ಇಟ್ಟುಕೊಂಡು ಆ ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುವುದು?

ಅಳುತ್ತ ನಿಲ್ಲಲು ಪುರುಸೊತ್ತಿರಲಿಲ್ಲ, ಮರಿಗಳು ಮತ್ತೆ ಚಳಿಗೆ ನಡುಗುತ್ತಿದ್ದವು. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿರುವುದು ಆಗ ಕಣ್ಣಿಗೆ ಬಿತ್ತು. ಮುಚ್ಚಳವಿದ್ದ ಎರಡು ಡಬ್ಬಿಗಳಿಗೆ ಬಿಸಿನೀರು ತುಂಬಿ, ಹಳೆಯ ಸೀರೆ ಸುತ್ತಿ, ಮೊಣಕೈ ತಾಗಿಸಿ ಹದ ನೋಡಿದಳು. ಕೂಸಿನ ನೀರು ನೋಡುವುದೂ ಹಾಗೆಯೇ. ಎರಡನ್ನೂ ಒಳಗಿಟ್ಟಳು. ಹೊಗೆಯಿಲ್ಲ, ಬೂದಿಯಿಲ್ಲ. ಮರಿಗಳು ಒಂದೊಂದೇ ಬಂದು ಡಬ್ಬಿಗೆ ಮೈ ಆನಿಸಿದವು.

ಆದರೆ ಸಂಜೆಗೆ ಗಾಳಿ ಜೋರಾಯಿತು. ಮುಚ್ಚಳದ ತಗಡು ಎದ್ದೆದ್ದು ಬಡಿಯಿತು, ಮಳೆಯ ಎರಚಲು ಒಳಗೆ ಬೀಳತೊಡಗಿತು. ತೊಯ್ದ ಮರಿ ಬದುಕುವುದಿಲ್ಲವೆಂಬುದಕ್ಕೆ ಯಾರೂ ಫೋನು ಮಾಡಿ ಹೇಳಬೇಕಿರಲಿಲ್ಲ. ನೀಲಗಂಗವ್ವ ಪಡಸಾಲೆಗೆ ಬಂದಳು.

"ಬಚ್ಚಲದಾಗರ ಇಡ್ಲಿ?"

"ಬಚ್ಚಲ ಮನ್ಯಾಗ ಇಲ್ಲೇನು? ಒಳಗ ಅಂದ್ರ ಒಳಗ," ಎಂದ ನಿಜಲಿಂಗಪ್ಪ.

"ಹಂಗಾರ ಸಾಯ್ಲಿ ಬಿಡ್ರಿ," ಎಂದಳು ಆಕೆ. "ನಾಳಿಂದ ನಾ ಯಾರ ಕೂಸಿಗೂ ನೀರ ಎರಿಯಂಗಿಲ್ಲ. ಇದು ಕೊಲ್ಲೋ ಕೈ ಆತು."

ಹೆಂಡತಿಯ ಬಾಯಿಂದ ಇಂಥ ಮಾತನ್ನು ಆತ ಎಂದೂ ಕೇಳಿರಲಿಲ್ಲ. ಎದ್ದ. ಗೂಟದ ಮೇಲಿನ ಕಂಬಳಿ ಎಳೆದುಕೊಂಡ, ಆಕೆ ರೊಟ್ಟಿ ಬಡಿಯಲು ಕೂರುವ ಮಣೆಯನ್ನೂ ಎತ್ತಿಕೊಂಡು ಹಿತ್ತಲ ಬಾಗಿಲ ಕಡೆ ನಡೆದ.

"ನೀವೆಲ್ಲಿ ಹೊಂಟ್ರಿ ಮಳ್ಯಾಗ?"

"ಅವು ಒಳಗ ಬರಬಾರ್ದು ಅಂದೇನಿ. ನಾ ಹೊರಗ ಹೋಗಬಾರ್ದು ಅಂತ ಎಲ್ಲೈತಿ?"

ಗಾಳಿಗೆ ಬೆನ್ನು ಕೊಟ್ಟು ಕುಳಿತ. ತಗಡಿನ ಮೇಲೂ ತನ್ನ ತಲೆಯ ಮೇಲೂ ಸೇರಿಸಿ ಕಂಬಳಿ ಹೊದ್ದು, ಉಸಿರಾಡಲು ಒಂದು ಬದಿ ತೆರೆದು, ಎರಡೂ ಕೈಯಲ್ಲಿ ತಗಡು ಒತ್ತಿ ಹಿಡಿದ. ನೀಲಗಂಗವ್ವ ನೀರು ಆರಿದಂತೆಲ್ಲ ಡಬ್ಬಿ ಬದಲಿಸಿದಳು. ಜಾಳಿಗೆಯ ಸಂದಿಯಿಂದ ಒಂದು ಮರಿ ಆತನ ಹೆಬ್ಬೆರಳನ್ನು ಕುಕ್ಕಿದಾಗ "ಶಿವ ಶಿವಾ" ಎಂದನೇ ಹೊರತು ಕೈ ತೆಗೆಯಲಿಲ್ಲ. ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಬಲ್ಬು ಪಕ್ಕನೆ ಹತ್ತಿತು. ನಿಜಲಿಂಗಪ್ಪ ಎದ್ದು, ಮತ್ತೊಮ್ಮೆ ಸ್ನಾನ ಮಾಡಿ, ದಿನಕ್ಕಿಂತ ಒಂದು ರೊಟ್ಟಿ ಹೆಚ್ಚಿಗೆಯೇ ಉಂಡ.

ಮುಂದಿನ ವಾರ ಆಟೋದಲ್ಲಿ ರೋಶನಬಿ ಮಗಳನ್ನೂ ಕೂಸನ್ನೂ ಕರೆತಂದಳು. ಅವರು ಕೈಕಾಲು ತೊಳೆಯುವ ಮೊದಲೇ ನೀಲಗಂಗವ್ವ ಗೋಡೆಯ ಹತ್ತಿರ ಬಂದು ನಿಂತಳು. "ಐದಾರು ಮರಿ ನನ್ನ ಕೈಲೆ ಸತ್ತಾವು ರೋಶನಬಿ. ಅವತ್ತ ಹೇಳಾಕ ಬಾಯಿ ಬರಲಿಲ್ಲ. ನುಗ್ಗಿ ಗಿಡದ ಬುಡಕ ಹೂತೇನಿ."

ರೋಶನಬಿ ಹಿತ್ತಲಿಗೆ ಬಂದು ಕುಕ್ಕರಗಾಲಲ್ಲಿ ಕುಳಿತು ನೋಡಿದಳು. ರೆಕ್ಕೆಯಲ್ಲಿ ಪುಕ್ಕ ಮೂಡಿದ ಮರಿಗಳು ಬಲ್ಬಿನ ಸುತ್ತ ಹರವಿಕೊಂಡು ಮಲಗಿದ್ದವು. ಆಕೆ ಎದ್ದು ಹೋಗಿ, ಒಳಗಿಂದ ಕೂಸನ್ನು ತಂದು ನೀಲಗಂಗವ್ವನ ಮುಂದೆ ಚಾಚಿದಳು.

"ಬ್ಯಾಡ ನಮ್ಮವ್ವ, ಈ ಕೈಲೆ ಬ್ಯಾಡ."

"ನನ್ನ ಕೈಲೆ ಸತ್ತ ಮರಿ ಎಣಸ್ಕೋತ ಕುಂತ್ರ ನನಗೂ ಈ ಕೂಸಿನ್ನ ಮುಟ್ಟಾಕ ಬರಂಗಿಲ್ಲ. ಹಿಡಿ, ಥಂಡ್ಯಾಗ ಅದಾನ."

ನೀಲಗಂಗವ್ವ ಕಣ್ಣು ಒರೆಸಿಕೊಂಡು ಹಿಡಿದಳು. ಕಾಲು ಚಾಚಿ ಕುಳಿತು, ಮೊಣಕೈಯಿಂದ ನೀರಿನ ಹದ ನೋಡಿ ಎರೆದಳು. ಬಾಣಂತಿ ಎಲ್ಲರ ಮನೆಯ ಪದ್ಧತಿಯಂತೆ ಕೆಂಡ, ಲೋಬಾನ ಸಿದ್ಧ ಮಾಡಿ ತಂದಿಟ್ಟಳು. ನೀಲಗಂಗವ್ವ ಅದನ್ನು ದೂರ ಸರಿಸಿದಳು.

"ಹೊಗಿ ಬ್ಯಾಡವ್ವ," ಎಂದಳು. "ಬಿಸಲ ಬಂದೈತಿ, ಕೂಸಿನ್ನ ಹಿಡಕೊಂಡು ಕುಂಡ್ರು."