ಒಂದೇ ಚುಕ್ಕೆಯ ಪಾತರಗಿತ್ತಿ

ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ನನಗೆ ಒಂದು ಪಾತರಗಿತ್ತಿಯ ಗುರುತು ಸಿಗಲಿಲ್ಲ. ಅದನ್ನು ಒಪ್ಪಿಕೊಳ್ಳಲು ಏಳು ತಿಂಗಳು ಹಿಡಿಯಿತು. ಮೇಷ್ಟ್ರ ಜಂಬ ನೋಡಿ, ನಿವೃತ್ತಿಯಾದರೂ ಇಳಿಯುವುದಿಲ್ಲ.

ಬನಹಟ್ಟಿಯ ನೇಕಾರ ಈರಪ್ಪ ನನ್ನ ಗೆಳೆಯ. ರವಿವಾರ ಬಂತೆಂದರೆ ಅವನ ಬೈಕ್ ಹತ್ತಿ ಹುನ್ನೂರಿನ ಕಡೆ ಹೊಲದ ಬದುಗಳಲ್ಲಿ ಪಾತರಗಿತ್ತಿ ನೋಡುತ್ತ ಅಲೆಯುತ್ತಿದ್ದೆವು. ಒಮ್ಮೆ ನನ್ನ ಹಳೆಯ ವಿದ್ಯಾರ್ಥಿಗಳೂ ಜೊತೆಗಿದ್ದರು. ಎಕ್ಕೆ ಗಿಡದ ಪಕ್ಕ ಕಿತ್ತಳೆ ಬಣ್ಣದ್ದೊಂದು ಕೂತಿತ್ತು. ‘ಡೇನಸ್ ಕ್ರೈಸಿಪ್ಪಸ್’ ಎಂದು ಘೋಷಿಸಿ, ಕುಲ, ಕುಟುಂಬ, ಗಣ, ವರ್ಗ ಎಂದು ಅದರ ಜಾತಕವನ್ನೇ ಬಿಚ್ಚಿದೆ.

“ಅದಲ್ಲರಿ ಸರ್,” ಅಂದ ಈರಪ್ಪ. “ಹಿಂದಿನ ರೆಕ್ಕಿ ಕೆಳಮೈ ನೋಡ್ರಿ. ಅದಕ್ಕ ಮೂರ್ನಾಕು ಕರಿ ಚುಕ್ಕಿ ಇರ್ತಾವ. ಇದಕ್ಕ ಒಂದ ಐತಿ.”

ಸೀರೆ ಕೈಗೆ ಬಂದರೆ ಮಗುಚಿ ಹಿಂಬದಿ ನೋಡುವುದು ನೇಕಾರರ ರೂಢಿ. “ಇದು ಸೀರಿ ಅಲ್ಲಪಾ, ವಿಜ್ಞಾನ!” ಎಂದೆ. ಎಲ್ಲರೂ ನಕ್ಕರು. ಈರಪ್ಪ ನಗಲಿಲ್ಲ. ಮುಂದಿನ ರವಿವಾರ ಬರಲೂ ಇಲ್ಲ, ಆಮೇಲೂ ಇಲ್ಲ.

ಒಬ್ಬನೇ ಬಸ್ಸು ಹಿಡಿದು ಹೋಗಿ ನೋಡಿದೆ. “ಅಗಾ, ಅಲ್ಲಿ!” ಎನ್ನಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಪಾತರಗಿತ್ತಿಯೂ ಬರೀ ಹುಳವೇ. ಅವನ ನೆನಪು ವಿಪರೀತ ಕಾಡಿತು.

ಕೊನೆಗೆ ಆ ದಿನ ತೆಗೆದಿದ್ದ ಫೋಟೊ ಹಿಗ್ಗಿಸಿ ನೋಡಿದೆ. ಒಂದೇ ಚುಕ್ಕೆ! ಅದು ಹೈಪೊಲಿಮ್ನಸ್ ಮಿಸಿಪ್ಪಸ್, ಹೆಣ್ಣು. ಕ್ರೈಸಿಪ್ಪಸ್‌ನ ಮೈಯೆಲ್ಲ ವಿಷ, ಹಕ್ಕಿಗಳು ಮುಟ್ಟುವುದಿಲ್ಲ. ಈಕೆ ಅದರ ವೇಷ ತೊಟ್ಟು ಬದುಕುತ್ತಾಳೆ. ಗಂಡಿಗೆ ಈ ವೇಷವಿಲ್ಲ, ಕಪ್ಪು ಮೈ, ಬಿಳಿ ಬೊಟ್ಟು. ಕುಟುಂಬ ಒಂದೇ ಆದರೂ ಕುಲ ಬೇರೆ. ಜಗತ್ತಿನ ಸಕಲ ಜೀವಿಗಳಿಗೂ ಶಾಸ್ತ್ರದಲ್ಲಿ ಒಂದೊಂದು ಮನೆಯಿದೆ. ಮುನಿಸಿಕೊಂಡ ಗೆಳೆಯನನ್ನು ಯಾವ ಮನೆಯಲ್ಲಿಡಬೇಕೆಂದು ಮಾತ್ರ ಅದು ಹೇಳುವುದಿಲ್ಲ.

ಬನಹಟ್ಟಿಗೆ ಹೋದೆ. ಮಗ್ಗಗಳು ಖಟಖಟ ಓಡುತ್ತಿದ್ದವು. ಈರಪ್ಪ ತಲೆಯೆತ್ತಲಿಲ್ಲ.

“ನಂದ ತಪ್ಪಾತಪಾ,” ಎಂದೆ.

“ಏನ್ರೀ?” ಎಂದು ಕಿವಿಗೆ ಕೈಯಿಟ್ಟ.

ಗಂಟಲು ಹರಿಯುವಂತೆ ಕೂಗಿದೆ: “ನಿಂದ ಖರೆ ಇತ್ತು! ನಂದ ತಪ್ಪು!”

ಓಣಿಯವರೆಲ್ಲ ಬಾಗಿಲಿಗೆ ಬಂದರು. ಈರಪ್ಪ ಮಗ್ಗ ನಿಲ್ಲಿಸಿದ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಾತಾಡಿ ಬೆಳೆದವನು ಅವನು.

“ಮೊದಲನೇ ಸಲಾನ ಕೇಳಿತ್ತರಿ ಸರ್,” ಅಂದ, ಕಣ್ಣೊರೆಸುತ್ತ. “ನಿಮ್ಮ ದನಿ ಕೇಳಿ ಭಾಳ ದಿನ ಆಗಿತ್ತು. ಇನ್ನೊಮ್ಮೆ ಕೇಳಬೇಕು ಅನಿಸ್ತು.”