ಬನಹಟ್ಟಿಯಲ್ಲಿ ತಿಂದ ಪೆಟ್ಟು

ಬನಹಟ್ಟಿಯ ಹೈಸ್ಕೂಲಿಗೆ ನಾನು ಸೇರಿದ ದಿನವೇ ಒಬ್ಬ ಹುಡುಗ ಇನ್ನೊಬ್ಬನ ತಲೆಯನ್ನು ಕಪ್ಪುಹಲಗೆಗೆ ಗುದ್ದಿದ. ಗುದ್ದಿಸಿಕೊಂಡವನು ಮೂಗಿನ ರಕ್ತ ಒರೆಸಿಕೊಂಡು, ಕಣ್ಣು ಬಿಟ್ಟು ನಿಂತಿದ್ದ ನನ್ನನ್ನು ನೋಡಿ ನಕ್ಕ. "ನಿನ್ನಿ ಎಪಿಸೋಡ್ ನೋಡಿಲ್ಲೇನಲೇ?"

ಟೀವಿಯಲ್ಲಿ ಹೈಸ್ಕೂಲ್ ಹುಡುಗರ ಧಾರಾವಾಹಿಯೊಂದು ಬರುತ್ತಿತ್ತು. ಅಲ್ಲಿ ಸಂಜೆ ಬಿದ್ದ ಏಟು ಇಲ್ಲಿ ಬೆಳಿಗ್ಗೆ ಬೀಳುತ್ತಿತ್ತು. ಮೈಸೂರಿನ ಗೆಳೆಯರೇ, ಅದನ್ನು ನಾವೂ ನೋಡಿದವರೇ. ಆದರೆ ನಾವು ಹೇರ್‌ಸ್ಟೈಲ್ ಮಾತ್ರ ಕದ್ದಿದ್ದೆವು.

ಅಪ್ಪನಿಗೆ ತುಬಚಿಯ ಏತ ನೀರಾವರಿ ಕೆಲಸಕ್ಕೆ ವರ್ಗವಾಗಿತ್ತು. ನಮಗೆ ಮನೆ ಸಿಕ್ಕಿದ್ದು ನೇಕಾರರ ಓಣಿಯಲ್ಲಿ. ಪಕ್ಕದಲ್ಲೇ ಪವರ್‌ಲೂಮ್ ಇದ್ದುದರಿಂದ ಗೋಡೆಗೂ ಮೈನಡುಕ. ಮೈಸೂರಿನಲ್ಲಿ ಗುಟ್ಟನ್ನು ಪಿಸುಗುಟ್ಟುತ್ತೇವೆ. ಇಲ್ಲಿ ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳದು. ಅದಕ್ಕೇ ದನಿಯಿಲ್ಲದೆ ಬರೀ ತುಟಿಯಾಡಿಸಿ ಮಾತಾಡುತ್ತಾರೆ. ಆ ವಿದ್ಯೆ ನನಗೆ ಕಲಿಸಿದವನು ಪಕ್ಕದ ಮನೆಯ ಗುರ್ಯಾ, ನನ್ನ ಬೆಂಚಿನವನೇ. ಊರಿನವರ ದನಿಯೆಲ್ಲ ಅಣಕಿಸುವ ನನ್ನಂಥವನಿಗೆ ದನಿಯೇ ಇಲ್ಲದ ಭಾಷೆ! ಅವನ ಅವ್ವ ಬಿಸಿ ರೊಟ್ಟಿಯ ಮೇಲೆ ಬದನೆಕಾಯಿ ಎಣಗಾಯಿ ಸುರಿದು, "ಉಣ್ಣೋ ತಮ್ಮಾ, ಬರೇ ಅನ್ನ ತಿಂದು ಹಿಂಗ ಮೆತ್ತಗಾಗಿದಿ" ಎನ್ನುತ್ತಿದ್ದರು. ಮೆತ್ತಗಿದ್ದದ್ದು ಖರೆ. ಖರೆ ಅಂದರೆ ನಿಜ.

ಧಾರಾವಾಹಿಯ ಗ್ಯಾಂಗಿಗೆ ಸೇರಬೇಕಾದರೆ ಎಲ್ಲರೆದುರು ತನ್ನ ಗೆಳೆಯನ ಕಪಾಳಕ್ಕೆ ಬಾರಿಸಬೇಕು. ನಮ್ಮ ಕ್ಲಾಸಿನ ಗ್ಯಾಂಗ್ ನಾಯಕ, ರಬಕವಿಯ ಈರ್ಯಾ, ಅದನ್ನೇ ಕಾನೂನು ಮಾಡಿದ. ಸೇರದವನಿಗೆ ದಿನಾ ಒದೆ. ಈರ್ಯಾನ ನಡಿಗೆ, ಅವನ ಕೆಮ್ಮು ಎರಡನ್ನೂ ಅಣಕಿಸಿದ್ದ ನನಗೆ ಅದು ಮುಂಗಡವಾಗಿಯೇ ಸಿಗುತ್ತಿತ್ತು.

"ಗುರ್ಯಾಗ ಹೊಡಿ. ಇಲ್ಲಂದ್ರ ನಿನ್ನ ಹಲ್ಲ ಮುರೀತೀನಿ," ಎಂದ ಈರ್ಯಾ, ಶಾಲೆಯ ಹಿಂದಿನ ಬಯಲಲ್ಲಿ.

ಉಂಡ ಮನೆಯ ಹುಡುಗನಿಗೆ ಹೇಗೆ ಹೊಡೆಯಲಿ? ಕೈ ಎತ್ತಿ, ತುಟಿಯಲ್ಲಷ್ಟೇ ಗುರ್ಯಾನಿಗೆ ಹೇಳಿದೆ: ಸುಳ್ಳೇ ಹೊಡೀತೀನಿ, ಬಿದ್ದುಬಿಡು. ಬೀಸಿದ ಕೈ ಗಾಳಿಗೆ ಬಿತ್ತು. ಗುರ್ಯಾ ಎಮ್ಮೆ ಉರುಳಿದಂತೆ ಉರುಳಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಲೇ ಮೈಸೂರ," ಈರ್ಯಾ ಬೆಲ್ಟ್ ಬಿಚ್ಚುತ್ತ ಕೇಳಿದ, "ನಮ್ಮನ್ಯಾಗ ಮಗ್ಗ ಇಲ್ಲಂತ ತಿಳದಿಯೇನ?"

ನೇಕಾರರ ಮಕ್ಕಳ ನಡುವೆ ನಿಂತು ತುಟಿಯಲ್ಲಿ ಗುಟ್ಟು ಹೇಳಿದ ಮಹಾ ಜಾಣ ನಾನು!

ಬಕಲ್ ಹಲ್ಲಿಗೇ ಬಡಿಯಿತು. ಬಾಯಿ ತುಂಬ ಬಿಸಿ ಉಪ್ಪು. ಗುರ್ಯಾ ಎದ್ದು ಈರ್ಯಾನ ಕೊರಳಿಗೆ ಜೋತುಬಿದ್ದ; ಉಳಿದವರು ಅವನನ್ನು ಕಿತ್ತು ಎಸೆದು ಒದ್ದರು. ಅವನ ಹುಬ್ಬು ಒಡೆಯಿತು. ಮುಂದಿನ ಏಟು ನನ್ನ ಬೆನ್ನಿಗೆ ಬಿದ್ದಾಗ, ‘ಅಮ್ಮಾ’ ಎನ್ನಬೇಕಿದ್ದ ನನ್ನ ಬಾಯಿಂದ ಹೊರಟಿತು: "ಯವ್ವಾ, ಸತ್ನೆಪ್ಪೋ!"

ಬೆಲ್ಟ್ ನಿಂತಿತು.

"ಮಿಮಿಕ್ರಿ ಮಾಡಾಕತ್ತಾನ," ಎಂದ ಒಬ್ಬ.

ಈರ್ಯಾ ನನ್ನ ಗದ್ದ ಹಿಡಿದೆತ್ತಿ ನೋಡಿದ. "ಇಲ್ಲಲೇ. ಖರೇನ ಅಳಾಕತ್ತಾನ. ಬಿಡ್ರಿ, ನಮ್ಮವನ ಆದ."

ಆಮೇಲೆ ಯಾರೂ ನನ್ನನ್ನು ಪರೀಕ್ಷೆಗೆ ಕರೆಯಲಿಲ್ಲ. ಗುರ್ಯಾ ಮಾತ್ರ ಊದಿದ ಕಣ್ಣಲ್ಲೇ ಕಿಸಕ್ಕೆಂದ: "ನಮ್ಮವ್ವನ್ನ ಯಾಕ ಕರದಿ ಮಾರಾಯಾ? ನಿಮ್ಮವ್ವ ಮನ್ಯಾಗಿದ್ದಿಲ್ಲೇನ?"

ಬೇಸಿಗೆಯಲ್ಲಿ ಮೈಸೂರಿಗೆ ಬಂದಿದ್ದೆ. ಚಿಕ್ಕಮ್ಮನ ಮನೆಯ ಬಾಗಿಲಿಗೆ ಬೆರಳು ಸಿಕ್ಕಿಹಾಕಿಕೊಂಡಿತು. ಪಗಡೆ ಆಡುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬೆರಳು ಬಿಡಿಸಿಕೊಳ್ಳುವ ಮೊದಲು, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡೆ. ಯಾವ ತಾಯಿಯ ಹೆಸರು ಹೊರಬೀಳುತ್ತದೋ ನನಗೇ ಗೊತ್ತಿರಲಿಲ್ಲ.