ಝಾನೋಸ್ ಎಂಬ ನೆಪ

ತೋ-ಅಶೂ ಘಾಟಿಯಲ್ಲಿ ವ್ಯಾನು ಓಡಿಸುವವರು ಝಾನೋಸ್ ಎಂಬ ಮಾತನ್ನು ದಾರಿಯಲ್ಲಿ ಬಾಯಿಬಿಟ್ಟು ಆಡುವುದಿಲ್ಲ. ಅಂಗೈ ಚಾಚಿ ಪಕ್ಕಕ್ಕೆ ತಿರುಗಿಸಿ ತೋರಿಸುತ್ತಾರೆ, ಎದುರು ಬರುವವನಿಗೆ ಅಷ್ಟು ಸಾಕು. ಹಿಮದ ಮೇಲೆ ಗಾಡಿಯ ಹಿಂಭಾಗ ಹಿಡಿತ ತಪ್ಪಿ, ಪಕ್ಕಕ್ಕೆ ಸುತ್ತಿ, ದಾರಿಗೆ ಅಡ್ಡಡ್ಡ ಬಂದುಬಿಡುವುದೇ ಝಾನೋಸ್. ಆ ಡ್ರೈವರುಗಳಲ್ಲೊಬ್ಬನಾದ ಶಾರ್ಶೆನನಿಗೆ ಆ ಪದ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಉರಿಯದಿದ್ದರೆ ಅವನು ಮನುಷ್ಯನೇ ಅಲ್ಲ.

ಹೋದ ಚಳಿಗಾಲದಲ್ಲಿ ಅವನ ತಮ್ಮ ತಲಾಯ್ ವ್ಯಾನಿನ ಸಮೇತ ಅಲ್ಲಿನ ಪ್ರಪಾತಕ್ಕೆ ಬಿದ್ದು ಸತ್ತ. ಪೊಲೀಸರು ಝಾನೋಸ್ ಎಂದು ಬರೆದು ಕೈತೊಳೆದುಕೊಂಡರು. ವ್ಯಾನಿನ ಮಾಲೀಕ ಕುಬಾತ್ ಕುರಿ ಹಿಡಿದುಕೊಂಡು ಸಾವಿನ ಮನೆಗೆ ಬಂದ, ಹೆಣ ಇಟ್ಟಿದ್ದ ಡೇರೆಯ ಹೊರಗೆ ಗಂಡಸರ ಸಾಲಿನಲ್ಲಿ ನಿಂತು ಗೊಳೋ ಎಂದು ಅತ್ತ.

“ಝಾನೋಸ್ ಆಯ್ತು, ಬಾಯ್ಕೆ. ಯಾರೇನ್ ಮಾಡೋಕಾಗತ್ತೆ” ಎಂದ. ಬಾಯ್ಕೆ ಎಂದರೆ ಅಣ್ಣ. ಎಂಥ ತಮ್ಮ ನೋಡಿ ಈ ಕುಬಾತ್.

ಮಣ್ಣು ಮಾಡಿದ ಮೇಲೆ ಶಾರ್ಶೆನ್ ನುಜ್ಜುಗುಜ್ಜಾದ ವ್ಯಾನನ್ನು ನೋಡಿಬಂದ. ಮುಂದಿನ ಟೈರುಗಳು ಹೊಚ್ಚಹೊಸವು. ಹಿಂದಿನವು ಸವೆದು ಬೋಳಾಗಿದ್ದವು. ಹತ್ತುವ ಮುಂಚೆ ಮುಂದಿನ ಟೈರನ್ನು ಬೂಟಿನಿಂದ ಒದ್ದು ನೋಡುವುದು ಇಲ್ಲಿನ ಪ್ರಯಾಣಿಕರ ರೂಢಿ. ಹಿಂದೆ ಹೋಗಿ ಬಗ್ಗಿ ನೋಡುವವರು ಯಾರೂ ಇಲ್ಲ. ಇದು ಕುಬಾತನಿಗೆ ಚೆನ್ನಾಗಿ ಗೊತ್ತಿತ್ತು.

ಶಾರ್ಶೆನನೂ ಕುಬಾತನದೇ ವ್ಯಾನು ಓಡಿಸುತ್ತಿದ್ದ. ತಮ್ಮನ ಮಕ್ಕಳೂ ಸೇರಿ ಮನೆ ತುಂಬ ಹಸಿದ ಬಾಯಿಗಳು, ಕೆಲಸ ಬಿಡಲಾಗಲಿಲ್ಲ. ಈ ವರ್ಷದ ಮೊದಲ ಹಿಮ ಬಿದ್ದಾಗ ಕುಬಾತ್ ಮತ್ತೆ ವ್ಯಾನಿಗೆರಡರಂತೆ ಹೊಸ ಟೈರು ತಂದು ಮುಂದಕ್ಕೇ ಹಾಕಿಸಿದ. ಶಾರ್ಶೆನ್ ತನ್ನ ವ್ಯಾನಿನವನ್ನು ಬಿಚ್ಚಿ ಹಿಂದಕ್ಕೆ ಹಾಕಿಕೊಂಡ.

ಮಾರನೆಯ ಬೆಳಿಗ್ಗೆ ಘಾಟಿಯ ಬುಡದ ಊರು ಕಾರಾ-ಬಾಲ್ತಾದ ನಿಲ್ದಾಣದಲ್ಲಿ, ಮಗು ಎತ್ತಿಕೊಂಡ ಹೆಂಗಸೊಬ್ಬಳು ಅವನ ಮುಂದಿನ ಟೈರನ್ನು ಒದ್ದು ನೋಡಿದಳು.

“ಬಾಯ್ಕೆ, ಟೈರೂ ನಿಮ್ಮ ತಲೆ ಥರಾನೇ ಬೋಳಾಗಿದೆಯಲ್ಲ.”

“ನನ್ನ ತಲೆ ಬಿಡಮ್ಮ, ಹಿಂದೆ ಹೋಗಿ ನೋಡು. ಮುಂದೆ ಜಾರಿದ್ರೆ ನಿಧಾನ ಮಾಡಿ ಹಿಡ್ಕೋಬೋದು. ಹಿಂದೆ ಜಾರಿದ್ರೆ ಗಾಡಿ ಗಿರಕಿ ಹೊಡೆಯತ್ತೆ, ಆಮೇಲೆ ಯಾರ ಕೈಲೂ ಆಗಲ್ಲ.”

“ಕಣ್ಣಿಗೆ ಕಾಣೋದೇ ಬೋಳಿದ್ರೆ ಕಾಣದೇ ಇರೋದು ಹೆಂಗಿರತ್ತೋ” ಎನ್ನುತ್ತ ಅವಳು ಪಕ್ಕದ ವ್ಯಾನು ಹತ್ತಿದಳು. ಅದೂ ಕುಬಾತನದೇ, ಮುಂದೆ ಥಳಥಳ, ಹಿಂದೆ ಬೋಳು. ಮಿಕ್ಕವರೂ ಅವಳ ಹಿಂದೆಯೇ ಹೋದರು.

ಕುಬಾತ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಬಂದ. “ಟೈರು ಹಿಂದೆ ಹಾಕಿದ್ರಿ, ಬಾಡಿಗೆನೂ ಹಿಂದೆ ಹೋಯ್ತು. ಜನ ಮುಂದೆ ನೋಡ್ತಾರೆ, ಬಾಯ್ಕೆ.”

“ತಲಾಯ್ ಗಾಡೀಲೂ ಮುಂದೆನೇ ನೋಡಿದ್ರು.”

“ಸತ್ತೋರ ಸುದ್ದಿ ಈಗ್ಯಾಕೆ” ಎಂದು ಕುಬಾತ್ ಮುಖ ತಿರುಗಿಸಿದ.

ಪಕ್ಕದ ವ್ಯಾನಿನೊಳಗೆ ಎಲ್ಲರೂ ಅಂಗೈಗಳನ್ನು ಮುಖಕ್ಕೆ ಸವರಿ, ಓಮಿನ್ ಎಂದು ಪ್ರಯಾಣದ ಪ್ರಾರ್ಥನೆ ಮುಗಿಸಿದರು. ಡ್ರೈವರು ಇಂಜಿನ್ ಚಾಲೂ ಮಾಡಿದ. ತಾಯಿ ಮಗುವಿನ ಟೋಪಿ ಸರಿಮಾಡುತ್ತಿದ್ದಳು.

ಶಾರ್ಶೆನ್ ತನ್ನ ಖಾಲಿ ವ್ಯಾನು ಹತ್ತಿದ. ನಿಲ್ದಾಣಕ್ಕೆ ಇದ್ದದ್ದು ಒಂದೇ ಗೇಟು, ಅದರ ಮುಂದೆಲ್ಲ ಗಟ್ಟಿ ಮಂಜುಗಡ್ಡೆ. ಅಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ವೇಗ ಹಿಡಿದ, ಸ್ಟೇರಿಂಗ್ ತಿರುಗಿಸಿ ಹ್ಯಾಂಡ್‌ಬ್ರೇಕ್ ಎಳೆದ. ಹಿಂಭಾಗ ಸರ್ರನೆ ಸುತ್ತಿ ಬಂತು. ವ್ಯಾನು ಗೇಟಿನ ಉದ್ದಕ್ಕೂ ಅಡ್ಡವಾಗಿ ಕೂತಿತು, ಒಂದು ಸೈಕಲ್ ಕೂಡ ಹೊರಹೋಗುವಂತಿರಲಿಲ್ಲ.

ಕುಬಾತ್ ಜಾರುತ್ತ ಮುಗ್ಗರಿಸುತ್ತ ಓಡಿಬಂದ. “ಏನ್ ಮಾಡಿದ್ರಿ ನೀವು? ತಲೆ ಕೆಟ್ಟಿದ್ಯಾ?”

ಶಾರ್ಶೆನ್ ಕೆಳಗಿಳಿದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಒಳಜೇಬಿಗೆ ಇಳಿಸಿದ.

“ಝಾನೋಸ್ ಆಯ್ತು, ಕುಬಾತ್” ಎಂದ. “ಯಾರೇನ್ ಮಾಡೋಕಾಗತ್ತೆ.”